ರೈಲು ನಿಲ್ದಾಣದಲ್ಲಿ ಫೋಟೊ ತೆಗೆಯುವವರೇ, ಲಾಕ್ ತೆಗೆದು ಫೋನ್ ಕೊಡಬೇಡಿ

ರೈಲು, ಮೆಟ್ರೋ, ವಿಮಾನ ಎಂದರೆ ಕಣ್ಣರಳಿಸುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಇದನ್ನು ಅವರಿಗೆ ಓದಿ ಹೇಳಿ. ನನ್ನ ಅಣ್ಣನ ಮಗನಿಗೆ ಆದದ್ದು ಇನ್ನೊಬ್ಬರ ಮನೆಯ ಹುಡುಗನಿಗೆ ಆಗಬಾರದೆಂದು ಬರೆಯುತ್ತಿದ್ದೇನೆ. ನಿಲ್ದಾಣದ ಹೆಸರನ್ನಾಗಲಿ, ಅಲ್ಲಿದ್ದವರು ಯಾವ ಇಲಾಖೆಯವರು ಎಂಬುದನ್ನಾಗಲಿ ಹೇಳುವುದಿಲ್ಲ. ದೂರು ಇನ್ನೂ ಇತ್ಯರ್ಥವಾಗಿಲ್ಲ.

ಹುಡುಗ ಡಿಪ್ಲೊಮಾ ಓದುತ್ತಿದ್ದಾನೆ. ಚಿಕ್ಕಂದಿನಿಂದಲೂ ಅವನಿಗೆ ಡೀಸೆಲ್ ಎಂಜಿನ್‌ಗಳ ಹುಚ್ಚು. ಮಾರ್ಗಗಳೆಲ್ಲ ವಿದ್ಯುದೀಕರಣಗೊಂಡು ಅವು ಒಂದೊಂದಾಗಿ ಮೂಲೆ ಸೇರುತ್ತಿರುವುದರಿಂದ, ಕಣ್ಮರೆಯಾಗುವ ಮೊದಲು ಒಂದಿಷ್ಟನ್ನಾದರೂ ಚಿತ್ರದಲ್ಲಿ ಉಳಿಸಿಕೊಳ್ಳಬೇಕೆಂಬ ಆಸೆ. ಹುಬ್ಬಳ್ಳಿ ಶೆಡ್ಡಿನದು ಯಾವುದು, ಕೃಷ್ಣರಾಜಪುರಂ ಶೆಡ್ಡಿನದು ಯಾವುದು ಎಂದು ನನಗೂ ಎಷ್ಟೋ ಸಲ ತೋರಿಸಿಕೊಟ್ಟಿದ್ದಾನೆ.

ಅಪ್ಪನ ಸಹಸ್ರಚಂದ್ರ ದರ್ಶನ ಶಾಂತಿ ಮುಗಿಸಿಕೊಂಡು ನಾವಿಬ್ಬರೂ ಊರಿನಿಂದ ಬೆಂಗಳೂರಿಗೆ ಮರಳುತ್ತಿದ್ದೆವು. ರೈಲು ಬದಲಿಸಬೇಕಾದ ಜಂಕ್ಷನ್ನಿನಲ್ಲಿ ಗೂಡ್ಸ್ ರೈಲೊಂದು ಜೋಡಿ ಎಂಜಿನ್ ಕಟ್ಟಿಕೊಂಡು ನಿಂತಿತ್ತು. ನಾನು ಸಾಮಾನು ಕಾಯುತ್ತ ಬೆಂಚಿನ ಮೇಲೆ ಕುಳಿತೆ, ಅವನು ಪ್ಲಾಟ್‌ಫಾರ್ಮಿನ ತುದಿಯತ್ತ ಹೋದ. ಹಳದಿ ಗೆರೆ ದಾಟಿರಲಿಲ್ಲ, ಹಳಿಗೆ ಇಳಿದಿರಲಿಲ್ಲ. ಫೋಟೊ ತೆಗೆಯಬಾರದೆಂಬ ಫಲಕ ಆ ಭಾಗದಲ್ಲಿ ಎಲ್ಲಿಯೂ ಇರಲಿಲ್ಲ. ಇದನ್ನು ಆಮೇಲೆ ನಾನೇ ಕಂಬ ಕಂಬವನ್ನೂ ನೋಡಿ ಖಚಿತ ಮಾಡಿಕೊಂಡಿದ್ದೇನೆ.

ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಬ್ಯಾಗುಗಳನ್ನು ಎಳೆದುಕೊಂಡು ಹೋದಾಗ ಸಮವಸ್ತ್ರದ ಇಬ್ಬರ ನಡುವೆ ಕೈಕಟ್ಟಿ ನಿಂತಿದ್ದ. ಅವನ ಫೋನ್ ಹಿರಿಯವನ ಕೈಯಲ್ಲಿತ್ತು. ಲಾಕ್ ತೆಗೆಸಿಯಾಗಿತ್ತು.

‘ಇವನು ನಿಮ್ಮ ಮಗನೇ?’

‘ಅಣ್ಣನ ಮಗ. ಏನಾಯಿತು ಸರ್?’

‘ರಕ್ಷಣೆಯ ವಿಷಯ ಇದು. ದೇಶದ್ರೋಹದ ಕೇಸು ಬೀಳುತ್ತದೆ. ಇವನ ಓದು ಇಲ್ಲಿಗೆ ಮುಗಿದ ಹಾಗೆ.’

ಮಾತನಾಡುತ್ತಲೇ ಆ ಮನುಷ್ಯ ಮೊದಲ ಚಿತ್ರದ ಮೇಲೆ ಬೆರಳು ಒತ್ತಿ ಹಿಡಿದು ಕೆಳಕ್ಕೆ ಎಳೆದ. ನೀಲಿ ಗುರುತುಗಳು ಸಾಲುಸಾಲಾಗಿ ಬಿದ್ದವು. ಎಂಜಿನ್, ಗೂಡ್ಸ್ ಡಬ್ಬಿಗಳು, ಪ್ಲಾಟ್‌ಫಾರ್ಮು, ಆಮೇಲೆ ಊಟದ ಪಂಕ್ತಿ, ಹೋಮದ ಮಂಟಪ, ನಮ್ಮ ಮನೆಯ ಜಗಲಿ. ‘ಸರ್, ಅದು ನಮ್ಮ ಅಜ್ಜನ ಫೋಟೊ ಸರ್’ ಎಂದು ಹುಡುಗ ಕೈ ಚಾಚಿದ. ಇನ್ನೊಬ್ಬ ಅವನ ಮುಂಗೈ ಹಿಡಿದುಕೊಂಡ. ಎಲ್ಲವನ್ನೂ ಅಳಿಸಿದ್ದಾಯಿತು. ಅಷ್ಟಕ್ಕೇ ಬಿಡಲಿಲ್ಲ, ಅಳಿಸಿದ ಚಿತ್ರಗಳು ಹೋಗಿ ಬೀಳುವ ಬಿನ್ ತೆರೆದು ಅದನ್ನೂ ಖಾಲಿ ಮಾಡಿದ. ಈ ಕೆಲಸ ಆ ಬೆರಳಿಗೆ ಹೊಸದಲ್ಲವೆಂದು ಅದರ ಓಟದಲ್ಲೇ ತಿಳಿಯುತ್ತಿತ್ತು.

ಬಳಿಕ 500 ರೂಪಾಯಿ ದಂಡ ಎಂದರು. ರಸೀದಿ ಕೊಡಿ ಎಂದೆ. ‘ರಸೀದಿ ಬೇಕಾದರೆ ಕೋರ್ಟಿಗೆ ಬನ್ನಿ, ಕೇಸು ಹಾಕುತ್ತೇನೆ’ ಎಂದರು. ಅಷ್ಟರಲ್ಲಿ ನಮ್ಮ ರೈಲು ಬರುವ ಘೋಷಣೆಯಾಯಿತು. ಕೈಯಲ್ಲಿ ನಗದಿಲ್ಲ ಎಂದಾಗ ಪಕ್ಕದ ಚಹಾ ಅಂಗಡಿಯ ಕ್ಯೂಆರ್ ಕೋಡ್ ತೋರಿಸಿದರು. ನಾನು ಅಂಗಡಿಯವನ ಖಾತೆಗೆ ಕಳುಹಿಸಿದೆ, ಅಂಗಡಿಯವನು ಗಲ್ಲಾಪೆಟ್ಟಿಗೆಯಿಂದ ಐನೂರರ ನೋಟು ತೆಗೆದು ಅವರಿಗೆ ಕೊಟ್ಟ. ಆಮೇಲೆ ಫೋನ್ ನಮ್ಮ ಕೈಗೆ ಬಂತು.

ಶಾಂತಿಯ ಚಿತ್ರಗಳನ್ನು ಊರಿನ ಸ್ಟುಡಿಯೊದವರೂ ತೆಗೆದಿದ್ದರು, ಅವು ಸಿಕ್ಕವು. ಹಿಂದಿನ ಸಂಜೆ ಅಪ್ಪ ಜಗಲಿಯಲ್ಲಿ ಕುಳಿತು ಅಡಕತ್ತರಿಯಲ್ಲಿ ಅಡಕೆ ಹೋಳು ಮಾಡುತ್ತ, ತಾನು ಮೊದಲ ಸಲ ರೈಲು ಹತ್ತಿದ ಕತೆಯನ್ನು ಮೊಮ್ಮಗನಿಗೆ ಹೇಳಿದ ವಿಡಿಯೊ ಮಾತ್ರ ಬೇರೆ ಯಾರಲ್ಲಿಯೂ ಇರಲಿಲ್ಲ. ಕ್ಲೌಡಿನಲ್ಲಿ ಇರುತ್ತದಲ್ಲ ಎಂದು ರೈಲಿನಲ್ಲಿ ಅವನಿಗೆ ಸಮಾಧಾನ ಹೇಳುತ್ತ ಬಂದೆ. ಗೂಗಲ್ ಫೋಟೋಸ್‌ನಲ್ಲಿ ಅಳಿಸಿ ಬಿನ್ ಖಾಲಿ ಮಾಡಿದರೆ ಕ್ಲೌಡಿನಲ್ಲಿರುವ ಪ್ರತಿಯೂ ಹೋಗುತ್ತದೆ ಎಂದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಪರಿಚಯದ ವಕೀಲರೊಬ್ಬರನ್ನು ಕೂರಿಸಿಕೊಂಡು ಕಾನೂನು ಏನು ಹೇಳುತ್ತದೆಂದು ಕೇಳಿ, ಓದಿ ತಿಳಿದುಕೊಂಡೆ. ನಮ್ಮನ್ನು ಹೆದರಿಸಲು ಅವರು ಎತ್ತಿದ್ದು ರಕ್ಷಣೆಯ ಮಾತು. ಅದರ ಹಿಂದಿರುವುದು ಬ್ರಿಟಿಷರ ಕಾಲದ, 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಅದರಲ್ಲಿ ‘ನಿಷೇಧಿತ ಸ್ಥಳ’ ಯಾವುದು ಎಂಬುದಕ್ಕೆ ಸ್ಪಷ್ಟ ವಿವರಣೆ ಇದೆ. ಸೇನೆಯ ನೆಲೆ, ಶಸ್ತ್ರಾಗಾರ, ಯುದ್ಧನೌಕೆ, ಸೇನಾ ವಿಮಾನ ಇಂಥವು ನೇರವಾಗಿ ಅದರೊಳಗೆ ಬರುತ್ತವೆ. ರೈಲು ಮಾರ್ಗ, ರಸ್ತೆ, ವಿದ್ಯುತ್ ಸ್ಥಾವರಗಳು ತಾವಾಗಿ ಬರುವುದಿಲ್ಲ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಬೇಕು, ಆ ಅಧಿಸೂಚನೆಯ ಪ್ರತಿಯನ್ನು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಯಲ್ಲಿಯೂ ಅಲ್ಲಿ ಅಂಟಿಸಿರಬೇಕು. ಕರ್ನಾಟಕದ ನಿಲ್ದಾಣವಾದರೆ ಕನ್ನಡದಲ್ಲಿ. ಅದರ ಮೇಲೆ, ದೇಶದ ಭದ್ರತೆಗೆ ಧಕ್ಕೆ ತರುವ ಉದ್ದೇಶವೂ ಇರಬೇಕು. ಪೊಲೀಸ್ ಠಾಣೆಯೊಳಗೆ ವಿಡಿಯೊ ಮಾಡಿದ ವ್ಯಕ್ತಿಯೊಬ್ಬರ ಮೇಲೆ ಇದೇ ಕಾಯ್ದೆಯಡಿ ಹಾಕಿದ್ದ ಪ್ರಕರಣವನ್ನು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ರದ್ದುಪಡಿಸಿತು. ಠಾಣೆಯೇ ಈ ಕಾಯ್ದೆಯ ನಿಷೇಧಿತ ಸ್ಥಳವಲ್ಲ ಎಂದ ಮೇಲೆ ಗೂಡ್ಸ್ ಎಂಜಿನ್ ಮುಂದೆ ನಿಂತ ವಿದ್ಯಾರ್ಥಿಗೆ ದೇಶದ್ರೋಹದ ಹೆಸರು ಹೇಳಿ ಬೆದರಿಸುವುದು ಅನ್ಯಾಯ.

ಇಷ್ಟು ಹೇಳಿದೆನೆಂದು ಎಲ್ಲಿ ಬೇಕಾದರೂ ಫೋಟೊ ತೆಗೆಯಬಹುದು ಎಂದು ತಿಳಿಯಬೇಡಿ. ನಿಲ್ದಾಣದಲ್ಲಿ ಸಿನಿಮಾ, ಜಾಹೀರಾತು, ಯಾವುದೇ ವಾಣಿಜ್ಯ ಚಿತ್ರೀಕರಣಕ್ಕೆ ರೈಲ್ವೆಯ ಪೂರ್ವಾನುಮತಿ ಬೇಕೇ ಬೇಕು. 2025ರ ಮೇ ತಿಂಗಳಲ್ಲಿ, ಯೂಟ್ಯೂಬರ್‌ಗಳ ಮೇಲೆ ಗೂಢಚಾರಿಕೆಯ ಆರೋಪಗಳು ಸುದ್ದಿಯಲ್ಲಿದ್ದಾಗ, ಅನುಮತಿ ಇಲ್ಲದೆ ನಿಲ್ದಾಣಗಳಲ್ಲಿ ವಿಡಿಯೊ ಮಾಡಬೇಡಿ ಎಂದು ಪೂರ್ವ ರೈಲ್ವೆ ಎಚ್ಚರಿಸಿತ್ತು. ಇನ್ನೊಂದೆಡೆ, ಹುಬ್ಬಳ್ಳಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಅತಿ ಉದ್ದದ್ದು ಎಂದು 2023ರಲ್ಲಿ ಉದ್ಘಾಟನೆಯಾದಾಗಿನಿಂದ ಅಲ್ಲಿ ಜನ ಸೆಲ್ಫಿ ತೆಗೆದುಕೊಳ್ಳುತ್ತಲೇ ಇದ್ದಾರೆ. ಒಂದು ಕಡೆ ಯಾರೂ ಕೇಳುವುದಿಲ್ಲ, ಇನ್ನೊಂದು ಕಡೆ ಹುಡುಗನ ಮುಂಗೈ ಹಿಡಿಯುತ್ತಾರೆ. ಸಾಮಾನ್ಯರಿಗೆ ಕಾಣುವಂತೆ ನಿಯಮವನ್ನು ಕನ್ನಡದಲ್ಲಿ ಬರೆದು ಹಾಕದೆ, ಸಿಬ್ಬಂದಿಯ ಬಾಯಿಮಾತಿಗೆ ಬಿಟ್ಟಿರುವುದೇ ಇದಕ್ಕೆಲ್ಲ ದಾರಿ ಮಾಡಿಕೊಟ್ಟಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳಿಯ ಮೇಲೆ ಇಳಿಯುವುದು ಬೇರೆಯೇ ವಿಷಯ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅತಿಕ್ರಮ ಪ್ರವೇಶ. ಆರು ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಎಡಕುಮೇರಿ ಕಡೆಗೂ ದೂಧ್‌ಸಾಗರಕ್ಕೂ ಹಳಿ ಹಿಡಿದು ನಡೆಯುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸುರಂಗದಲ್ಲಿ ರೈಲು ಬಂದರೆ ಓಡಲು ಜಾಗವಿರುವುದಿಲ್ಲ, ಆ ತಡೆ ಜೀವ ಉಳಿಸುವ ತಡೆ.

ಮೆಟ್ರೋದ ವಿಷಯದಲ್ಲಿ ನಾನು ನಿರ್ಬಂಧದ ಪರವಾಗಿಯೇ ಇದ್ದೇನೆ. ನಮ್ಮ ಮೆಟ್ರೋದಲ್ಲಿ ಮಹಿಳೆಯರನ್ನು ಅವರ ಅರಿವಿಗೆ ಬಾರದಂತೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಮ್‌ಗೆ ಹಾಕುತ್ತಿದ್ದ ಖಾತೆಯೊಂದು 2025ರ ಮೇನಲ್ಲಿ ಬಯಲಾಗಿ, ಬೆಂಗಳೂರು ಪೊಲೀಸರು ಒಬ್ಬನನ್ನು ಬಂಧಿಸಿದ್ದು ನೆನಪಿರಬಹುದು. ದಿನವೂ ಅದೇ ರೈಲಿನಲ್ಲಿ ಕೆಲಸಕ್ಕೆ ಹೋಗುವ ನನಗೆ ಆ ಸುದ್ದಿ ಓದಿ ಮೈ ಉರಿದಿತ್ತು. ದೆಹಲಿ ಮೆಟ್ರೋ ಅಂತೂ ರೀಲ್ಸ್ ಮಾಡಬೇಡಿ ಎಂದು ಪದೇ ಪದೇ ಹೇಳುತ್ತಿದೆ. ಕದ್ದು ಹೆಂಗಸರನ್ನು ಚಿತ್ರೀಕರಿಸುವವನಿಗೆ ಶಿಕ್ಷೆಯಾಗಲೇಬೇಕು. ಅವನನ್ನೂ ಎಂಜಿನ್ ಸಂಖ್ಯೆ ಬರೆದಿಟ್ಟುಕೊಳ್ಳುವ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು ಎಂಬುದಷ್ಟೇ ನನ್ನ ಮಾತು.

ವಿಮಾನದಲ್ಲಿ ಕಿಟಕಿಯಾಚೆಯ ಫೋಟೊ ತೆಗೆಯಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2004ರಿಂದಲೇ ಪ್ರಯಾಣಿಕರಿಗೆ ಅವಕಾಶ ಕೊಟ್ಟಿದೆ. ಆದರೆ ಸೇನೆಯ ನೆಲೆಯನ್ನೇ ಹಂಚಿಕೊಂಡಿರುವ ನಿಲ್ದಾಣಗಳಲ್ಲಿ ಫೋನ್ ಎತ್ತಲೇಬೇಡಿ. ಪುಣೆ, ಗೋವಾದ ದಾಬೋಲಿಂ, ನಮ್ಮ ಬೀದರ್ ಇಂಥವು. ಅಲ್ಲಿ ಇಳಿಯುವಾಗ ಗಗನಸಖಿಯರು ಹೇಳುವ ಮಾತನ್ನು ಕಿವಿಗೊಟ್ಟು ಕೇಳಿ. ಕಾರವಾರದ ನೌಕಾನೆಲೆಯ ಗೋಡೆಗೆ ತಾಗಿದಂತೆ ಹೆದ್ದಾರಿ 66 ಹಾದುಹೋಗುತ್ತದೆ, ಸಮುದ್ರ ಚೆನ್ನಾಗಿ ಕಾಣುತ್ತದೆಂದು ಕಾರು ನಿಲ್ಲಿಸಿ ಕ್ಯಾಮೆರಾ ತೆಗೆಯುವ ಜಾಗ ಅದಲ್ಲ. ಆ ನೆಲೆಯ ಮಾಹಿತಿ ಸೋರಿಕೆಯ ಆರೋಪದಲ್ಲಿ ರಾಷ್ಟ್ರೀಯ ತನಿಖಾ ದಳ 2025ರ ಫೆಬ್ರವರಿಯಲ್ಲಿ ಉತ್ತರ ಕನ್ನಡದ ಇಬ್ಬರನ್ನು ಬಂಧಿಸಿದೆ. ಸೇನೆಯ ವಾಹನ ಹೊತ್ತ ರೈಲು ಪಕ್ಕದ ಹಳಿಗೆ ಬಂದರೆ ಫೋನ್ ಜೇಬಿಗೆ ಹಾಕಿಬಿಡಿ.

ಸ್ಮಾರಕಗಳಲ್ಲಿ ಈಗ ಅಷ್ಟು ತೊಂದರೆ ಇಲ್ಲ. 2018ರಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ ತಾಜ್‌ಮಹಲಿನ ಗೋರಿ ಕೋಣೆ, ಅಜಂತಾ, ಲೇಹ್ ಅರಮನೆ ಬಿಟ್ಟು ಉಳಿದೆಡೆ ಫೋಟೊಗೆ ಅವಕಾಶ ಕೊಟ್ಟಿತು. ಟ್ರೈಪಾಡ್ ಇಡುವುದಾದರೆ ಮಾತ್ರ ಅನುಮತಿ ಬೇಕು. ಹಂಪಿಗೆ ಹೋಗುವವರು ಗಮನಿಸಿ.

ಇನ್ನು, ಯಾರಾದರೂ ತಡೆದಾಗ ಏನು ಮಾಡಬೇಕು? ಮೊದಲು ಫೋಟೊ ತೆಗೆಯುವುದನ್ನು ಅಲ್ಲಿಗೇ ನಿಲ್ಲಿಸಿ. ವಾದ ಬೇಡ, ದನಿ ಏರಿಸುವುದು ಬೇಡ, ಓಡುವುದಂತೂ ಬೇಡವೇ ಬೇಡ. ಚಿತ್ರ ತೋರಿಸಿ ಎಂದರೆ ನಿಮ್ಮ ಕೈಯಲ್ಲೇ ಹಿಡಿದು ತೋರಿಸಿ. ಎದೆಯ ಮೇಲಿನ ಹೆಸರಿನ ಪಟ್ಟಿ ಓದಿಕೊಳ್ಳಿ, ಯಾವ ನಿಯಮ ಎಂದು ಕೇಳಿ, ‘ಸ್ಟೇಷನ್ ಮಾಸ್ಟರ್ ಹತ್ತಿರ ಹೋಗೋಣ ಸರ್’ ಎನ್ನಿ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಡೆಯುವ ಇಂಥ ವ್ಯವಹಾರ ನಾಲ್ಕು ಜನರಿರುವ ಕೋಣೆಯಲ್ಲಿ ನಡೆಯುವುದು ಕಷ್ಟ. ಒಂದೇ ಒಂದು ಚಿತ್ರ ಅಳಿಸಿ ಎಂದು ಕೇಳಿದರೆ, ಅದು ನಿಮಗೆ ಬೇಡದ್ದಾದರೆ, ನೀವೇ ಅಳಿಸಿ ರೈಲು ಹತ್ತಬಹುದು, ಅದರಲ್ಲಿ ಸೋಲಿಲ್ಲ. ಫೋನನ್ನೇ ವಶಪಡಿಸಿಕೊಳ್ಳುತ್ತೇವೆ ಎಂದರೆ ಲಾಕ್ ಹಾಕಿ ಕೊಡಿ, ಲಿಖಿತ ಮಹಜರು ಕೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ವಶದ ಪ್ರಕ್ರಿಯೆಯನ್ನು ಪೊಲೀಸರು ವಿಡಿಯೊ ಚಿತ್ರೀಕರಣ ಮಾಡಬೇಕು. ನಿಮ್ಮ ಚಿತ್ರ ಅಪರಾಧದ ಸಾಕ್ಷ್ಯವೇ ಆಗಿದ್ದರೆ ಅದನ್ನು ಜೋಪಾನವಾಗಿ ಇಡಬೇಕಾದವರು ಅವರು, ಅಳಿಸುವ ಪ್ರಶ್ನೆಯೇ ಬರುವುದಿಲ್ಲ. ದಂಡ ಎಂದರೆ ರಸೀದಿ, ರಸೀದಿ ಎಂದರೆ ಅದರ ಮೇಲೆ ಕಲಂ ಸಂಖ್ಯೆ ಇರಲೇಬೇಕು.

ಮನೆ ಬಿಡುವ ಮೊದಲೇ ಮಾಡಬೇಕಾದದ್ದೂ ಇದೆ. ಕಾರ್ಯಕ್ರಮದ ಚಿತ್ರ, ವಿಡಿಯೊಗಳನ್ನು ಇನ್ನೊಬ್ಬರ ಫೋನಿಗೋ ಪೆನ್‌ಡ್ರೈವಿಗೋ ಅಂದೇ ದಾಟಿಸಿ. ಐಫೋನ್‌ನಲ್ಲಿ ಅಳಿಸಿದ ಚಿತ್ರಗಳ ಆಲ್ಬಮ್ಮಿಗೆ ಮುಖ ಗುರುತಿನ ಬೀಗ ಹಾಕಬಹುದು. ಯಾರಾದರೂ ಚಿತ್ರ ಅಳಿಸಿ ಬಿನ್ ಮುಟ್ಟದೆ ಬಿಟ್ಟಿದ್ದರೆ, ಕ್ಲೌಡಿಗೆ ಸೇರಿದ್ದ ಚಿತ್ರಗಳು ಗೂಗಲ್ ಫೋಟೋಸ್ ಬಿನ್‌ನಲ್ಲಿ 60 ದಿನ ಇರುತ್ತವೆ. ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಅಳಿಸಿದ್ದರೆ ಆ ಕಾರ್ಡಿನಲ್ಲಿ ಮತ್ತೆ ಒಂದೂ ಚಿತ್ರ ತೆಗೆಯದೆ ಹೊರತೆಗೆದಿಡಿ, ಮರಳಿ ಪಡೆಯುವ ತಂತ್ರಾಂಶಗಳಿವೆ.

ನಮ್ಮ ಮೊದಲ ದೂರಿಗೆ ಸಂಬಂಧಪಟ್ಟವರಿಗೆ ತಿಳಿವಳಿಕೆ ನೀಡಲಾಗಿದೆ ಎಂಬ ಒಂದು ಸಾಲಿನ ಉತ್ತರ ಬಂದು ಕಡತ ಮುಚ್ಚಿಹೋಯಿತು. ಮೇಲಿನ ಅಧಿಕಾರಿಗೆ ಮತ್ತೆ ಬರೆದಿದ್ದೇವೆ. ಜೊತೆಗೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೇವೆ. ಯಾವ ನಿಯಮದಡಿ ಫೋಟೊ ಅಳಿಸಲಾಯಿತು, ಆ ದಿನ ಆ ನಿಲ್ದಾಣದಲ್ಲಿ ವಸೂಲಾದ ದಂಡಗಳ ರಸೀದಿ ಪ್ರತಿ ಕೊಡಿ ಎಂದು ಕೇಳಿದ್ದೇವೆ. ಚಹಾ ಅಂಗಡಿಗೆ ಹೋದ ಯುಪಿಐ ಪಾವತಿಯ ವಿವರ ನಮ್ಮ ಬಳಿ ಇದೆ, ಹಾಗಾಗಿ ಹಣ ಕೊಟ್ಟೇ ಇಲ್ಲ ಎನ್ನುವಂತಿಲ್ಲ. ನಿಮಗೂ ಹೀಗಾದರೆ ರೈಲಿನಲ್ಲಿ ಕುಳಿತೇ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ದಿನಾಂಕ, ಸಮಯ, ಪ್ಲಾಟ್‌ಫಾರ್ಮ್ ಸಂಖ್ಯೆ ಬರೆದು ಸಿಸಿಟಿವಿ ದೃಶ್ಯವನ್ನು ಕಾಯ್ದಿರಿಸಿ ಎಂದು ಅದೇ ದಿನ ಲಿಖಿತವಾಗಿ ಕೇಳಿ. ಆ ದೃಶ್ಯಗಳನ್ನು ಹೆಚ್ಚು ಕಾಲ ಉಳಿಸಿಡುವುದಿಲ್ಲ.