ಕಾರಿನ ಡಿಎಲ್: ಸ್ಕೂಲಿಗೆ ಪೂರ್ತಿ ಬಿಡುವುದೋ, ಅರ್ಧ ಬಿಡುವುದೋ, ಮನೆ ಕಾರಲ್ಲೇ ಕಲಿಯುವುದೋ?

ಕರ್ನಾಟಕದಲ್ಲಿ ಕಾರಿನ ಲೈಸೆನ್ಸ್ ಮಾಡಿಸುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಮೂರು. ಡ್ರೈವಿಂಗ್ ಸ್ಕೂಲಿಗೆ ದುಡ್ಡು ಕಟ್ಟಿ ಎಲ್‌ಎಲ್‌ಆರ್‌ನಿಂದ (ಕಲಿಯುವವರ ಲೈಸೆನ್ಸ್) ಡಿಎಲ್‌ವರೆಗೆ ಎಲ್ಲವನ್ನೂ ಅವರಿಗೇ ಬಿಡುವುದು ಮೊದಲನೆಯದು. ಅರ್ಜಿ, ಫೀಸು ಎಲ್ಲ ನಾವೇ ನೋಡಿಕೊಂಡು, ಸ್ಕೂಲಿನಿಂದ ಕ್ಲಾಸು ಮತ್ತು ಟೆಸ್ಟ್ ದಿನದ ಕಾರನ್ನಷ್ಟೇ ಪಡೆಯುವುದು ಎರಡನೆಯದು. ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆ ಕಾರಲ್ಲೇ ಕಲಿತು, ಅದರಲ್ಲೇ ಟೆಸ್ಟ್ ಕೊಡುವುದು ಮೂರನೆಯದು. ಮೂರೂ ಬಗೆಯಲ್ಲಿ ಮಾಡಿ ನೋಡಿದವರ ಹೋಲಿಕೆ ಇದು. ನಮ್ಮ ಓಟು ಎರಡನೆಯದಕ್ಕೆ. ಸ್ಕೂಲಿನಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕಾದ್ದು ಎರಡು ಕಡೆ ಪೆಡಲ್ ಇರುವ ಕಾರನ್ನು. ಕಾಗದಪತ್ರ ಓಡಿಸುವ ಸೇವೆಯನ್ನಲ್ಲ.

ಮೊದಲು ದುಡ್ಡಿನ ಲೆಕ್ಕ. ಕೇಂದ್ರದ ನಿಯಮದ ಪ್ರಕಾರ ಕಾರಿಗೆ ಮಾತ್ರ ಮಾಡಿಸಿದರೆ ಎಲ್‌ಎಲ್‌ಆರ್‌ಗೆ 150 ರೂ., ಅದರ ಪರೀಕ್ಷೆಗೆ 50, ಡ್ರೈವಿಂಗ್ ಟೆಸ್ಟ್‌ಗೆ 300, ಡಿಎಲ್‌ಗೆ 200. ಒಟ್ಟು 700. ಇದರ ಮೇಲೆ ಕಾರ್ಡು, ಸೇವಾ ಶುಲ್ಕ ಎಂದು ಸೇರುವುದೆಲ್ಲ ಹಣ ಕಟ್ಟುವ ಮುಂಚೆ ಪೋರ್ಟಲ್‌ನಲ್ಲೇ ಕಾಣುತ್ತದೆ. ಸ್ಕೂಲಿನ ತರಬೇತಿ ಶುಲ್ಕವನ್ನು ಸಾರಿಗೆ ಇಲಾಖೆ 2024ರ ಜನವರಿಯಿಂದ ಕಾರಿಗೆ 7,000 ರೂ. ಎಂದು ಪರಿಷ್ಕರಿಸಿತು. ಇದಕ್ಕಿಂತ ಕಡಿಮೆಗೆ ಒಪ್ಪುವವರೂ ಇದ್ದಾರೆ, ಮನೆ ಬಾಗಿಲಿಗೇ ಕಾರು ಬರಬೇಕೆಂದರೆ ಹೆಚ್ಚು ಕೇಳುವವರೂ ಇದ್ದಾರೆ. "ಎಲ್ಲಾ ಸೇರಿ ಇಷ್ಟು" ಎಂದರೆ ಸುಮ್ಮನಾಗಬೇಡಿ. ಕ್ಲಾಸಿಗೆಷ್ಟು, ಸರ್ಕಾರಿ ಫೀಸು ಎಷ್ಟು, ಟೆಸ್ಟ್ ದಿನದ ಕಾರಿಗೆಷ್ಟು, ಫೇಲಾದರೆ ಎರಡನೇ ಸಲದ ಕಾರಿಗೆಷ್ಟು ಎಂದು ಬಿಡಿಸಿ ಬರೆಸಿಕೊಳ್ಳಿ. ಕೊನೆಯದನ್ನು ಕೇಳುವವರು ಕಡಿಮೆ. ಮರುಟೆಸ್ಟ್‌ಗೆ ಸರ್ಕಾರದ 300 ಪ್ರತಿ ಸಲವೂ ಕಟ್ಟಬೇಕು, ಕಾರಿನ ಬಾಡಿಗೆ ಬೇರೆ.

ಅರ್ಜಿಯ ಕೆಲಸಕ್ಕೆ ಸ್ಕೂಲು ಬೇಕೇ? ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆಯಾಗಿದ್ದರೆ ಬೇಡ. ಲೈಸೆನ್ಸಿನ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ಕರ್ನಾಟಕ ಆರಿಸಿ, ಆಧಾರ್ ಒಟಿಪಿಯಿಂದ ದೃಢೀಕರಿಸಿಕೊಂಡರೆ ಹೆಸರು, ವಿಳಾಸ, ಫೋಟೊ ತಾವಾಗಿಯೇ ಬಂದು ಕೂರುತ್ತವೆ. ದೇಹಾರೋಗ್ಯದ ಸ್ವಯಂಘೋಷಣೆ ಫಾರಂ 1ರಲ್ಲಿ. 40 ದಾಟಿದವರಿಗೆ ವೈದ್ಯರು ಸಹಿ ಮಾಡಿದ ಫಾರಂ 1ಎ ಕೂಡ ಬೇಕು. ಫೀಸು ಕಟ್ಟಿ, ರಸ್ತೆ ಸುರಕ್ಷತೆಯ ವಿಡಿಯೊ ನೋಡಿ, ಕ್ಯಾಮೆರಾ ಇರುವ ಕಂಪ್ಯೂಟರಿನ ಮುಂದೆ ಮನೆಯಲ್ಲೇ ಪರೀಕ್ಷೆ ಬರೆಯಬಹುದು. ಪಾಸಾಗಲು ಶೇ 60 ಸಾಕು. ಬೆಳಕು ಹಿಂದಿನಿಂದ ಬೀಳುವ ಕಿಟಕಿಯ ಮುಂದೆ ಕೂರಬೇಡಿ, ಮುಖ ಕಪ್ಪಾಗಿ ಕಂಡು ಗುರುತು ಸಿಗದೆ ಪರೀಕ್ಷೆ ಅಲ್ಲೇ ನಿಂತುಬಿಡಬಹುದು.

ಸ್ಕೂಲಿಗೆ ಬಿಟ್ಟರೆ ಈ ಒಂದು ಗಂಟೆಯ ಕೆಲಸ ತಪ್ಪುತ್ತದೆ ನಿಜ, ಆದರೆ ಎರಡು ತೊಂದರೆ ಗಂಟು ಬೀಳುವುದುಂಟು. ಒಂದು, ಅರ್ಜಿಯಲ್ಲಿ ನಿಮ್ಮ ನಂಬರಿನ ಜಾಗದಲ್ಲಿ ಅವರ ನಂಬರ್ ಹೋಗಿರುತ್ತದೆ. ಆಮೇಲೆ ಟೆಸ್ಟಿಗೆ ಕಾಯ್ದಿರಿಸಿದ ದಿನ, ಅಂದರೆ ಸ್ಲಾಟ್ ಬದಲಿಸಲು, ವರ್ಷಗಳ ನಂತರ ವಿಳಾಸ ತಿದ್ದಲು ಹೋದರೆ ಒಟಿಪಿ ಅವರಿಗೆ. ಇನ್ನೊಂದು ನಮ್ಮ ಕಡೆಯ ಇನಿಷಿಯಲ್ ಸಮಸ್ಯೆ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಮಾರ್ಕ್ಸ್ ಕಾರ್ಡಿನಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಊರಿನ ಹೆಸರು. ಯಾವುದನ್ನು ಹಾಕಬೇಕೆಂದು ಸ್ಕೂಲಿನ ಹುಡುಗ ನಿಮ್ಮನ್ನು ಕೇಳುವುದಿಲ್ಲ. ಎಲ್‌ಎಲ್‌ಆರ್‌ನಲ್ಲಿ ತಪ್ಪಿದ್ದು ಡಿಎಲ್‌ಗೂ ಹಾಗೇ ಇಳಿಯುತ್ತದೆ.

ದಿನಗಳ ಲೆಕ್ಕದಲ್ಲಿಯೂ ಸ್ವಂತ ಅರ್ಜಿಗೇ ಮೇಲುಗೈ. ಎಲ್‌ಎಲ್‌ಆರ್ ಸಿಕ್ಕಿ 30 ದಿನ ಆದ ಮೇಲಷ್ಟೇ ಡಿಎಲ್‌ಗೆ ಅರ್ಜಿ, ಎಲ್‌ಎಲ್‌ಆರ್‌ನ ಆಯಸ್ಸು ಆರು ತಿಂಗಳು. ಪ್ಯಾಕೇಜಿನವರು ಮೊದಲ ದಿನದಿಂದಲೇ ಸತತವಾಗಿ ಕ್ಲಾಸು ಮುಗಿಸಿಬಿಡುತ್ತಾರೆ. ಆಮೇಲೆ ಟೆಸ್ಟ್ ಸ್ಲಾಟ್ ಬರುವ ಹೊತ್ತಿಗೆ ಮೂರು ನಾಲ್ಕು ವಾರ ಕೈ ಖಾಲಿ, ಕಲಿತದ್ದು ಅರ್ಧ ಮರೆತಿರುತ್ತದೆ. ಸ್ಲಾಟ್ ನಿಮ್ಮ ಕೈಯಲ್ಲಿದ್ದರೆ ಅದನ್ನು ಮೊದಲು ಹಿಡಿದು, ಅಲ್ಲಿಂದ ಹಿಂದಕ್ಕೆ ಎಣಿಸಿ ಕ್ಲಾಸು ಶುರುಮಾಡಿ. ನಾಲ್ಕು ಕ್ಲಾಸನ್ನು ಟೆಸ್ಟಿನ ವಾರಕ್ಕೇ ಎತ್ತಿಡಿ. ಎಲ್‌ಎಲ್‌ಆರ್ ಕೈಗೆ ಬರುವ ಮುಂಚೆಯೇ "ನಾಳೆಯಿಂದ ಬನ್ನಿ ಸಾರ್" ಎನ್ನುವ ಸ್ಕೂಲನ್ನು ಅಲ್ಲಿಗೇ ಬಿಡಿ. ಆ ಸ್ಥಿತಿಯಲ್ಲಿ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿದಿರುವುದು ಲೈಸೆನ್ಸ್ ಇಲ್ಲದ ಚಾಲಕ, ಅಂದರೆ ನೀವು.

ಇನ್ನು ಕಲಿಕೆ. ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 31ರ ಪ್ರಕಾರ ಕಾರಿನ ತರಬೇತಿ ಕನಿಷ್ಠ 21 ದಿನ, ಅದರಲ್ಲಿ ಗಾಡಿ ಓಡಿಸುವ ಸಮಯ ಕನಿಷ್ಠ 10 ಗಂಟೆ. ಅರ್ಧ ಗಂಟೆಯ ಕ್ಲಾಸಾದರೆ 20 ಕ್ಲಾಸಿಗೆ ಸರಿಹೋಯಿತು. ಆದರೆ ಹಿಂದಿನ ಸೀಟಿನಲ್ಲಿ ಮುಂದಿನ ಕಲಿಯುವವರು ಕೂತಿದ್ದು, ಅವರನ್ನು ಹತ್ತಿಸಿ ಇಳಿಸುವ ಹೊತ್ತೂ ನಿಮ್ಮ ಲೆಕ್ಕಕ್ಕೇ ಸೇರಿದರೆ ಕೈಗೆ ಸಿಗುವುದು 20 ನಿಮಿಷ. ಇಪ್ಪತ್ತು ಕ್ಲಾಸಿಗೆ ಆರು ಗಂಟೆ ನಲವತ್ತು ನಿಮಿಷ. ಸ್ಕೂಲು ಇಡಬೇಕಾದ ಫಾರಂ 15ರ ರಿಜಿಸ್ಟರಿನಲ್ಲಿ ನಿಮ್ಮ ಚಾಲನೆಯ ಸಮಯ ದಾಖಲಾಗಬೇಕು. ಕೇಳಿ ನೋಡಿ, ತೋರಿಸುವ ಸ್ಕೂಲು ಸಾಮಾನ್ಯವಾಗಿ ಒಳ್ಳೆಯದೇ ಆಗಿರುತ್ತದೆ.

ಸ್ಕೂಲಿನ ಕಾರಿನ ದೊಡ್ಡ ಗುಣ ಎಡಗಡೆಯ ಪೆಡಲ್‌ಗಳು. ದೊಡ್ಡ ದೋಷವೂ ಅವೇ. ಮೇಷ್ಟ್ರ ಪೆಡಲ್ ಕೇಬಲ್ ಅಥವಾ ರಾಡ್ ಮೂಲಕ ನಿಮ್ಮ ಪೆಡಲ್‌ಗೆ ಜೋಡಿಸಿರುತ್ತದೆ. ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗಿ ಹಿಂದಿನವರು ಹಾರ್ನ್ ಹೊಡೆಯಬಾರದೆಂದು ಅವರು ಕ್ಲಚ್ ಮೇಲೆ ಕಾಲಿಟ್ಟೇ ಇರುತ್ತಾರೆ. ಹತ್ತನೇ ದಿನಕ್ಕೆ ನಿಮಗೆ ಚೆನ್ನಾಗಿ ಬರುತ್ತಿದೆ ಅನ್ನಿಸುತ್ತದೆ. ಓಡಿಸುತ್ತಿರುವುದು ಅವರು, ಸ್ಟೇರಿಂಗ್ ತಿರುಗಿಸುತ್ತಿರುವುದು ಮಾತ್ರ ನೀವು. ಇದನ್ನು ಕಂಡುಹಿಡಿಯುವುದು ಸುಲಭ: ಕ್ಲಚ್ ತುಳಿಯಲು ಹೋದಾಗ ಪೆಡಲ್ ಆಗಲೇ ಕೆಳಗಿದ್ದರೆ, ಇಲ್ಲವೇ ಪಾದಕ್ಕೆ ಇದ್ದಕ್ಕಿದ್ದಂತೆ ಹಗುರವಾಗಿ ಸಿಕ್ಕಿದರೆ, ಅಲ್ಲಿ ಇನ್ನೊಂದು ಕಾಲಿದೆ. ಐದನೇ ಕ್ಲಾಸಿನಿಂದ "ಸಾರ್, ಕ್ಲಚ್ ಬಿಡಿ, ಬ್ರೇಕ್ ಮಾತ್ರ ನೀವು ನೋಡಿಕೊಳ್ಳಿ" ಎಂದು ಬಾಯಿಬಿಟ್ಟು ಹೇಳಬೇಕು. ಹತ್ತು ಸಲ ಆಫ್ ಆಗಲಿ, ಆಗಲೇ ಹಾಫ್ ಕ್ಲಚ್ (ಕ್ಲಚ್ ಅರ್ಧ ಬಿಟ್ಟಾಗ ಗಾಡಿ ಚಲಿಸತೊಡಗುವ ಹಂತ) ಎಲ್ಲಿ ಹಿಡಿಯುತ್ತದೆಂದು ಕಾಲಿಗೆ ಗೊತ್ತಾಗುವುದು.

ಮನೆ ಕಾರಿನಲ್ಲಿ ಈ ಮೋಸವಿಲ್ಲ. ಕ್ಲಚ್ ನಿಮ್ಮದೇ, ತಪ್ಪೂ ನಿಮ್ಮದೇ, ಆದ್ದರಿಂದ ಕಾಲು ಬೇಗ ಪಳಗುತ್ತದೆ. ಕೊರತೆ ಬ್ರೇಕಿನದು. ಗಾಡಿಯನ್ನು ತಕ್ಷಣ ನಿಲ್ಲಿಸಲು ಆಗುವಂಥ ಜಾಗದಲ್ಲಿ ಡಿಎಲ್ ಇರುವವರು ಕೂತಿರಬೇಕು ಎಂದು ನಿಯಮ ಹೇಳುತ್ತದೆ. ಪಕ್ಕದ ಸೀಟಿನ ಮಾವನಿಗೆ ಸಿಗುವುದು ಹ್ಯಾಂಡ್ ಬ್ರೇಕ್ ಒಂದೇ. ಎಳೆಯುವ ಹಳೇ ಲಿವರ್ ಆದರೆ ಹೇಗೋ ಹದವಾಗಿ ಎಳೆಯಬಹುದು. ಹೊಸ ಕಾರುಗಳ ಬಟನ್ ಬ್ರೇಕಿನಲ್ಲಿ ಆ ಹದ ಇಲ್ಲ. ಹಾಗಾಗಿ ಮೊದಲ ಎಂಟು ಹತ್ತು ಗಂಟೆ ಸ್ಕೂಲಿನ ಕಾರಲ್ಲೇ ಆಗಬೇಕು, ಮನೆ ಕಾರು ಆಮೇಲೆ. ಎಲ್ ಬೋರ್ಡನ್ನು ಹಿಂದೆ ಮಾತ್ರ ಅಂಟಿಸುವವರು ಬಹಳ, ಮುಂದೆಯೂ ಬೇಕು. ಅಳತೆಯೂ ಇದೆ: ಬಿಳಿ ಹಲಗೆ 18 ಸೆಂ.ಮೀ. ಚೌಕ, ಕೆಂಪು ಅಕ್ಷರದ ಎತ್ತರ 10 ಸೆಂ.ಮೀ.ಗೆ ಕಡಿಮೆ ಇರಬಾರದು.

ಟೆಸ್ಟ್‌ಗೆ ಯಾವ ಕಾರು? ಇಲ್ಲಿ ಸ್ಕೂಲಿನ ಚಿಕ್ಕ ಕಾರಿಗೇ ಅಂಕ. ಟೆಸ್ಟಿನಲ್ಲಿ ಎಂಟು ಹಾಕುವಾಗ, ಅಂದರೆ 8ರ ಆಕಾರದ ದಾರಿಯಲ್ಲಿ ಗಾಡಿ ಓಡಿಸುವಾಗ, ಮುಖ್ಯವಾದದ್ದು ಗಾಡಿ ಎಷ್ಟು ಚಿಕ್ಕ ಸುತ್ತಿನಲ್ಲಿ ತಿರುಗುತ್ತದೆ ಎಂಬುದು. ಆಲ್ಟೋ 800ರ ತಿರುವಿನ ತ್ರಿಜ್ಯ 4.6 ಮೀಟರ್, ಸ್ವಿಫ್ಟ್‌ನದು 4.8, ಇನ್ನೋವಾ ಕ್ರಿಸ್ಟಾದ್ದು 5.4. ಮನೆಯಲ್ಲಿರುವುದು ದೊಡ್ಡ ಗಾಡಿಯಾದರೆ ಅಂದಿನ ಮಟ್ಟಿಗೆ ಅದನ್ನು ಅಲ್ಲೇ ಬಿಟ್ಟು ಹೋಗಿ. ಸ್ವಂತ ಕಾರೇ ಒಯ್ಯುವುದಾದರೆ ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಹಿಂದಿನ ದಿನವೇ ನೋಡಿಕೊಳ್ಳಿ. ಮೂರರಲ್ಲಿ ಅವಧಿ ಮುಗಿದಿರುವುದು ಹೆಚ್ಚಾಗಿ ಎಮಿಷನ್‌ನದೇ.

ಸ್ಕೂಲಿನವರು ಎಂಟು ಕಲಿಸುವುದು ಗುರುತು ಹೇಳಿಕೊಟ್ಟು: "ಆ ಕಂಬ ಕನ್ನಡಿಗೆ ಬಂದಾಗ ಫುಲ್ ಬಲಕ್ಕೆ, ಈ ಕಲ್ಲು ಬಾಗಿಲಿಗೆ ಬಂದಾಗ ಎರಡು ಸುತ್ತು ವಾಪಸ್." ಅವರ ಮೈದಾನದಲ್ಲಿ, ಅವರ ಕಾರಿನಲ್ಲಿ, ಅವರ ಸೀಟಿನ ಎತ್ತರದಲ್ಲಿ ಇದು ಪಕ್ಕಾ ಕೆಲಸ ಮಾಡುತ್ತದೆ. ಬೆಂಗಳೂರಿನ ಮಲ್ಲತ್ತಹಳ್ಳಿಯ ಜ್ಞಾನಭಾರತಿ ಆರ್‌ಟಿಓ ಟ್ರ್ಯಾಕ್‌ನಂಥ ಸೆನ್ಸರ್, ಕ್ಯಾಮೆರಾ ಇರುವ ಕಡೆ ಆ ಕಂಬವೂ ಇಲ್ಲ, ಕಲ್ಲೂ ಇಲ್ಲ. ಟೆಸ್ಟ್ ತೆಗೆದುಕೊಳ್ಳುವ ಬ್ರೇಕ್ ಇನ್‌ಸ್ಪೆಕ್ಟರ್ ಕಣ್ಣು ಆಚೀಚೆ ಹೋಗಬಹುದು, ಸೆನ್ಸರ್‌ನದು ಹೋಗದು. ಗುರುತಿನ ಬದಲು ಹಿಂದಿನ ಒಳಚಕ್ರ ಎಲ್ಲಿ ಹೋಗುತ್ತಿದೆ ಎಂದು ಸೈಡ್ ಕನ್ನಡಿಯಲ್ಲಿ ನೋಡುವ ಅಭ್ಯಾಸ ಮಾಡಿ. ಅಂಚು ತಾಗುವುದು ಬಹುಪಾಲು ಅದೇ ಚಕ್ರ, ಯಾಕೆಂದರೆ ಅದು ಮುಂದಿನ ಚಕ್ರಕ್ಕಿಂತ ಒಳಗೆ ಕತ್ತರಿಸಿಕೊಂಡು ಬರುತ್ತದೆ. ಫಸ್ಟ್ ಗೇರ್, ಹಾಫ್ ಕ್ಲಚ್, ಆಕ್ಸಿಲರೇಟರ್ ಬೇಡ. ವೇಗ ಹೆಚ್ಚಾದರೆ ಕ್ಲಚ್ ಒತ್ತಿ ತೇಲಿಸಿ.

ಏರಿನಲ್ಲಿ ನಿಲ್ಲಿಸಿ ಹೊರಡುವುದು ಬಹಳ ಜನ ಸೋಲುವ ಜಾಗ. ಹಿಂದಕ್ಕೆ ಜಾರಬಾರದು ಎಂದು ನಿಯಮದಲ್ಲೇ ಇದೆ, ಹ್ಯಾಂಡ್ ಬ್ರೇಕ್ ಬಳಸಬಹುದು ಎಂದೂ ಇದೆ. ಎಷ್ಟೋ ಸ್ಕೂಲಿನಲ್ಲಿ ಅದನ್ನು ಕಲಿಸುವುದೇ ಇಲ್ಲ, ಎಡಗಡೆ ಬ್ರೇಕ್ ಇದೆಯಲ್ಲ! ಕ್ರಮ ಇಷ್ಟು: ಹ್ಯಾಂಡ್ ಬ್ರೇಕ್ ಎಳೆದು ಫಸ್ಟ್ ಗೇರ್, ಸ್ವಲ್ಪ ಆಕ್ಸಿಲರೇಟರ್, ಇಂಜಿನ್ ಸದ್ದು ತಗ್ಗಿ ಬಾನೆಟ್ ಕೊಂಚ ಮೇಲೇಳುವವರೆಗೆ ಕ್ಲಚ್ ಎತ್ತಿ ಅಲ್ಲೇ ಹಿಡಿಯಿರಿ, ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ. ಗಾಬರಿಯಲ್ಲಿ ಕ್ಲಚ್ ಪೂರ್ತಿ ಬಿಟ್ಟರೆ ಆಫ್, ಬೇಗ ಬ್ರೇಕ್ ಇಳಿಸಿದರೆ ಜಾರಾಟ.

ಫೇಲಾದರೆ ಏಳು ದಿನದ ನಂತರ ಮತ್ತೆ ಬರಬಹುದು. ಮೂರು ಸಲವೂ ಆಗದಿದ್ದರೆ 60 ದಿನ ಕಾಯಬೇಕು, ಜತೆಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಡ್ರೈವಿಂಗ್ ಸ್ಕೂಲಿನಲ್ಲಿ ತಪ್ಪು ತಿದ್ದುವ ತರಬೇತಿ ಮುಗಿಸಿರಬೇಕು. ಸ್ಕೂಲಿನ ದುಡ್ಡು ಉಳಿಸಲು ಮನೆ ಕಾರಲ್ಲಿ ಕಲಿತವರೂ ಆಗ ಸ್ಕೂಲಿನ ಬಾಗಿಲಿಗೇ ಬರಬೇಕು.

ನಾಲ್ಕನೆಯ ದಾರಿಯ ಬಗ್ಗೆ 2024ರ ಮೇ ತಿಂಗಳಲ್ಲಿ ವಾಟ್ಸ್ಆ್ಯಪ್ ತುಂಬ ಓಡಾಡಿತು: "ಜೂನ್ 1ರಿಂದ ಆರ್‌ಟಿಓ ಟೆಸ್ಟೇ ಬೇಡ, ಸ್ಕೂಲೇ ಸರ್ಟಿಫಿಕೇಟ್ ಕೊಡುತ್ತದೆ." ಹೊಸದೇನೂ ಆಗಿರಲಿಲ್ಲ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮ 2021ರ ಜುಲೈ 1ರಿಂದಲೇ ಇದೆ. ಅಲ್ಲಿ ಕಾರಿನ ಕೋರ್ಸು 29 ಗಂಟೆ, ಅದರಲ್ಲಿ 21 ಗಂಟೆ ಪ್ರಾಯೋಗಿಕ. ಪಾಸಾದವರಿಗೆ ಫಾರಂ 5ಬಿ ಸಿಗುತ್ತದೆ, ಆರ್‌ಟಿಓ ಟೆಸ್ಟಿನಿಂದ ವಿನಾಯಿತಿ ಇರುವುದು ಆ ಕಾಗದಕ್ಕೆ. ಬಡಾವಣೆಯ ಮೂಲೆಯ ಸ್ಕೂಲು ಕೊಡುವುದು ಬರಿಯ ಫಾರಂ 5, ಅದರಿಂದ ಟೆಸ್ಟ್ ತಪ್ಪುವುದಿಲ್ಲ. "ಗೌರ್ಮೆಂಟ್ ರೆಕಗ್ನೈಸ್ಡ್" ಎಂಬ ಬೋರ್ಡು ನೋಡಿ ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಆಟೋಮ್ಯಾಟಿಕ್‌ನಲ್ಲಿ ಕಲಿಯುವುದೋ, ಗೇರಿನದರಲ್ಲೋ? ನಮ್ಮಲ್ಲಿ ಬೈಕಿಗೆ ಗೇರ್ ಇರುವ, ಇಲ್ಲದ ಎಂಬ ಭೇದ ಲೈಸೆನ್ಸಿನಲ್ಲೇ ಇದೆ, ಕಾರಿಗಿಲ್ಲ. ಎರಡಕ್ಕೂ ಎಲ್‌ಎಂವಿ (ಲಘು ಮೋಟಾರು ವಾಹನ) ಎಂದೇ ಬರೆದಿರುತ್ತದೆ. ಹಾಗಿದ್ದರೂ ಕಲಿಯುವುದು ಗೇರಿನ ಕಾರಲ್ಲೇ ಆಗಲಿ. ಆಟೋಮ್ಯಾಟಿಕ್ ಅಭ್ಯಾಸವಾಗಲು ಗೇರಿನವರಿಗೆ ಅರ್ಧ ದಿನ ಸಾಕು, ತಿರುಗಾಮುರುಗಾ ಆದರೆ ಮತ್ತೆ ಹಾಫ್ ಕ್ಲಚ್‌ನಿಂದಲೇ ಶುರು.

ಡಿಎಲ್ ಬಂದ ಮೇಲೆ ಅದೇ ಮೇಷ್ಟ್ರನ್ನು ನಾಲ್ಕು ಕ್ಲಾಸಿಗೆ ನಿಮ್ಮ ಕಾರಿಗೇ ಕರೆಯಿರಿ. ಗಂಟೆ ಲೆಕ್ಕದಲ್ಲಿ ಬರುವವರು ಸಿಗುತ್ತಾರೆ. ದಿನಕ್ಕೆ ಹತ್ತು ಜನ ತುಳಿದ ಸ್ಕೂಲಿನ ಕಾರಿನ ಸವೆದ ಕ್ಲಚ್ ತುಂಬ ಮೇಲೆ ಹಿಡಿಯುತ್ತದೆ, ನಿಮ್ಮದು ಕೆಳಗೇ ಹಿಡಿಯಬಹುದು. ಡೀಸೆಲ್ ಗಾಡಿಯಾದರೆ ಕ್ಲಚ್ ಎತ್ತಿದರೆ ಸಾಕು, ತಾನೇ ಮುಂದೆ ಹೋಗುತ್ತದೆ. ಚಿಕ್ಕ ಪೆಟ್ರೋಲ್ ಇಂಜಿನ್ನು ತುಸು ಆಕ್ಸಿಲರೇಟರ್ ಕೇಳುತ್ತದೆ. ನಾಲ್ಕರಲ್ಲಿ ಒಂದು ಕ್ಲಾಸನ್ನು ನಿಮ್ಮ ಮನೆಯ ಗೇಟಿನೊಳಗೆ ರಿವರ್ಸ್ ಹಾಕುವುದಕ್ಕೇ ಇಟ್ಟುಕೊಳ್ಳಿ, ಇನ್ನೊಂದನ್ನು ಕತ್ತಲಾದ ಮೇಲೆ.