ಪ್ರಾಗ್‌ಗೆ ಹೋಗುವವರೇ, ಆ ರಸೀದಿಯನ್ನು ಬಿಸಾಡಬೇಡಿ

ಜರ್ಮನಿಯಲ್ಲಿ ಓದುವ, ಕೆಲಸ ಮಾಡುವ ನಮ್ಮವರು ಶನಿವಾರ, ಭಾನುವಾರ ಬಿಡುವಾದರೆ ಪಕ್ಕದ ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೊರಡುತ್ತಾರೆ. ಹೋಗಲೇಬೇಕು, ಅಷ್ಟು ಚಂದದ ಊರು. ಆದರೆ ಅಲ್ಲಿ ನನ್ನ ಗೆಳತಿಯ 64 ಯೂರೋ ಐದೇ ನಿಮಿಷದಲ್ಲಿ ಹೋಯಿತು. ಅದನ್ನು ವಾಪಸ್ ಪಡೆಯುವ ದಾರಿ ಆಗ ನಮ್ಮ ಕೈಯಲ್ಲೇ ಇತ್ತು. ನಾವು ಓದಲಿಲ್ಲ. ನಿಮಗೆ ಹಾಗಾಗಬಾರದು ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಡ್ರೆಸ್ಡೆನ್‌ನಲ್ಲಿ ಕೆಲಸದಲ್ಲಿದ್ದೇನೆ. ಹಾಸನದ ನನ್ನ ಗೆಳತಿ ಲೈಪ್‌ಜಿಗ್‌ಗೆ ಓದಲು ಬಂದು ಇನ್ನೂ ಆರು ತಿಂಗಳಾಗಿತ್ತು. ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ, ದಾರಿಯುದ್ದಕ್ಕೂ ಎಲ್ಬೆ ನದಿ ಜೊತೆಗೇ ಬರುತ್ತದೆ. ಅವಳು ಸೂಪರ್ ಮಾರ್ಕೆಟ್‌ನಲ್ಲಿ ಸಾಮಾನು ಜೋಡಿಸಿ ಗಳಿಸಿದ 200 ಯೂರೋವನ್ನು ನಗದಾಗಿ ಕವರಿನಲ್ಲಿಟ್ಟು ತಂದಿದ್ದಳು. ಪ್ರಾಗ್ ಇರುವ ಬೊಹೀಮಿಯಾ ಪ್ರಾಂತ್ಯದ ಗಾರ್ನೆಟ್ ಹರಳು ಹೆಸರುವಾಸಿ, ಕಡುಗೆಂಪು. ಅಮ್ಮನಿಗೆ ಆ ಹರಳಿನ ಓಲೆ ಕೊಳ್ಳಬೇಕು ಅಂತ ಅವಳ ಆಸೆ.

ಚೆಕ್ ದೇಶ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಅಲ್ಲಿ ನಡೆಯುವುದು ಯೂರೋ ಅಲ್ಲ, ಅವರದೇ ದುಡ್ಡು ಕೊರುನಾ. ಹಳೇ ಪೇಟೆಯ ಚೌಕದ ಹತ್ತಿರ ದುಡ್ಡು ಬದಲಾಯಿಸುವ ಅಂಗಡಿಗಳು ಒಂದರ ಪಕ್ಕ ಒಂದಿವೆ. ಒಂದರ ಮೇಲೆ ‘ಕಮಿಷನ್ ಇಲ್ಲ’ ಅಂತ ದಪ್ಪಕ್ಷರದಲ್ಲಿ ಬರೆದಿತ್ತು, ಬೋರ್ಡಿನಲ್ಲಿ ಯೂರೋ ಮುಂದೆ 25ರ ಆಸುಪಾಸಿನ ಅಂಕಿ ಕಂಡಿತು. “ಇಲ್ಲೇ ಮಾಡಿಸ್ಕೊಂಡ್‌ಬಿಡೇ” ಅಂದವಳು ನಾನು. ಮೂರು ವರ್ಷದಿಂದ ಯುರೋಪಿನಲ್ಲಿದ್ದೇನೆ ಅನ್ನುವ ಧೈರ್ಯ. ಆ ವಾರ ಒಂದು ಯೂರೋಗೆ ಸುಮಾರು 25 ಕೊರುನಾ ಇತ್ತು, ಆ ಲೆಕ್ಕದಲ್ಲಿ 5,000 ಬರಬೇಕು. ಒಳಗಿದ್ದವನು ಎಣಿಸಿ ಕೊಟ್ಟದ್ದು 3,400. ಅವಳು ಸಹಿ ಹಾಕಿ, ನೋಟುಗಳನ್ನು ರಸೀದಿಯ ಸಮೇತ ಕವರಿಗೆ ಸೇರಿಸಿದಳು. ಹೊಸ ನೋಟು, ಹೊಸ ಊರು, ಹಿಂದೆ ಸಾಲು ನಿಂತಿದೆ. ಇಬ್ಬರೂ ಗುಣಿಸಿ ನೋಡಲಿಲ್ಲ.

ನಾವು ನೋಡಿದ 25, ಅಂಗಡಿಯವರು ಯೂರೋ ಮಾರುವ ದರ. ನಮ್ಮಿಂದ ಕೊಳ್ಳುವ ದರ ಪಕ್ಕದ ಸಾಲಿನಲ್ಲಿತ್ತು, 17. ಕಮಿಷನ್ ನಿಜವಾಗಿಯೂ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳುವ ಅಗತ್ಯವೇ ಇರಲಿಲ್ಲ, ದರದಲ್ಲೇ ಎಲ್ಲ ಕಳೆದಿತ್ತು.

ಗೊತ್ತಿಲ್ಲದೆ ಖುಷಿಯಾಗಿ ಸುತ್ತಿದೆವು. 1410ರ ಖಗೋಳ ಗಡಿಯಾರದ ಕೆಳಗೆ ಕತ್ತೆತ್ತಿ ನಿಂತೆವು. ಗಂಟೆ ಹೊಡೆಯುವ ಹೊತ್ತಿಗೆ ಅಸ್ಥಿಪಂಜರವೊಂದು ಹಗ್ಗ ಎಳೆಯುತ್ತದೆ, ಮೇಲಿನ ಕಿಟಕಿಗಳಲ್ಲಿ ಯೇಸುವಿನ ಶಿಷ್ಯರು ಒಬ್ಬೊಬ್ಬರಾಗಿ ಬಂದು ಹೋಗುತ್ತಾರೆ, ಕೊನೆಗೆ ಒಂದು ಹುಂಜ ಕೂಗುತ್ತದೆ. ಗೆಳತಿ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ನಾಲ್ಕನೇ ಚಾರ್ಲ್ಸ್ ದೊರೆ 1357ರಲ್ಲಿ ಕಟ್ಟಿಸಲು ತೊಡಗಿದ ಸೇತುವೆ ದಾಟಿ, ಕೋಟೆ ಹತ್ತಿ, ಇಳಿದು, ಊಟಕ್ಕೆ ಕೂತಾಗ ಎರಡು ಗಂಟೆ ದಾಟಿತ್ತು. ಅವಳು ಸಸ್ಯಾಹಾರಿ. ಕರಿದ ಚೀಸ್ ಹೇಳಿ, ಬಿಲ್‌ಗೆ ದುಡ್ಡು ಎತ್ತಿಡಲು ಊಟದ ನಡುವೆ ಕವರ್ ತೆಗೆದಾಗ ರಸೀದಿ ಕೆಳಗೆ ಬಿತ್ತು.

ಅದರಲ್ಲಿ ಇಂಗ್ಲಿಷಿನಲ್ಲೇ ಬರೆದಿತ್ತು: ಮೂರು ಗಂಟೆಯೊಳಗೆ ಈ ವ್ಯವಹಾರವನ್ನು ರದ್ದು ಮಾಡಬಹುದು. ನಾವು ಬದಲಾಯಿಸಿದ್ದು 10.40ಕ್ಕೆ. ಆಗ ಸಮಯ 2.20.

ಊಟ ಅರ್ಧಕ್ಕೇ ಬಿಟ್ಟು ಓಡಿದೆವು. ದುಡ್ಡು ಬದಲಾಯಿಸಿದ ಅಂಗಡಿಯವನು ಮಾತಾಡಲೇ ಇಲ್ಲ, ರಸೀದಿಯ ಮೇಲಿನ ಸಮಯಕ್ಕೆ ಬೆರಳಿಟ್ಟು ತೋರಿಸಿದ. ಗೆಳತಿ ಹೊರಗೆ ಮೆಟ್ಟಿಲ ಮೇಲೆ ಕೂತು “ಐದು ಗಂಟೆ ಕೆಲಸ ಕಣೇ” ಅಂದಳು. ನಾನು ಕೊಡುತ್ತೇನೆ ಅಂದರೆ ಒಪ್ಪಲಿಲ್ಲ. ಓಲೆ ಕೊಳ್ಳಲಿಲ್ಲ. ಅದಕ್ಕಿಂತ ಹೊಟ್ಟೆ ಉರಿದದ್ದು ಏನೆಂದರೆ, ಆ ಹರಳಿನ ಅಂಗಡಿಯಲ್ಲೂ, ಊಟದ ಹೋಟೆಲಿನಲ್ಲೂ ಕಾರ್ಡ್ ನಡೆಯುತ್ತಿತ್ತು. ದುಡ್ಡು ಬದಲಾಯಿಸುವ ಅಗತ್ಯವೇ ಇರಲಿಲ್ಲ.

ಆಮೇಲೆ ತಿಳಿದದ್ದು ಇದು. ಇಂಥ ದೂರುಗಳು ಹೆಚ್ಚಾಗಿದ್ದಕ್ಕೇ ಚೆಕ್ ಸರ್ಕಾರ ಕಾನೂನು ತಿದ್ದಿದೆ. 2019ರ ಏಪ್ರಿಲ್ 1ರಿಂದ, 1,000 ಯೂರೋವರೆಗಿನ ವ್ಯವಹಾರವನ್ನು ಮೂರು ಗಂಟೆಯೊಳಗೆ ಕಾರಣ ಹೇಳದೆಯೇ ರದ್ದು ಮಾಡುವ ಹಕ್ಕು ಗಿರಾಕಿಗಿದೆ. ಬದಲಾಯಿಸಿದ ಜಾಗಕ್ಕೇ ಹೋಗಿ, ರದ್ದು ಮಾಡುತ್ತಿದ್ದೇನೆ ಅಂತ ಬರೆದು ಕೊಟ್ಟು, ಪಡೆದ ಕೊರುನಾ ಪೂರ್ತಿ ಹಿಂದಿರುಗಿಸಬೇಕು. ಆದ್ದರಿಂದ ಆ ಹಣವನ್ನು ಕೂಡಲೇ ಖರ್ಚು ಮಾಡಬೇಡಿ. ಈ ಅಂಗಡಿಗಳ ಮೇಲ್ವಿಚಾರಣೆ ಚೆಕ್ ನ್ಯಾಷನಲ್ ಬ್ಯಾಂಕಿನದು, ಅಂಗಡಿಯವರು ರದ್ದಿಗೆ ಒಪ್ಪದಿದ್ದರೆ ಆ ಬ್ಯಾಂಕಿನ ಹೆಸರು ಎತ್ತಿ, ರಸೀದಿ ಇಟ್ಟುಕೊಂಡು ದೂರು ಕೊಡಿ.

ರಸ್ತೆಯಲ್ಲಿ ಬಳಿ ಬಂದು “ನಾನು ಒಳ್ಳೆ ದರ ಕೊಡ್ತೀನಿ” ಅನ್ನುವವರ ಹತ್ತಿರ ನಿಲ್ಲಲೂ ಬೇಡಿ. ಅವರು ಬಲ್ಗೇರಿಯಾದ ಹಳೆಯ, ಚಲಾವಣೆಯಲ್ಲಿಲ್ಲದ ನೋಟು ಸೇರಿಸಿ ಕೊಡುವುದು ಆ ಊರಿನ ಹಳೇ ಮೋಸ. ಅಲ್ಲಿ ರಸೀದಿಯಿಲ್ಲ, ಮೂರು ಗಂಟೆಯ ಹಕ್ಕೂ ಇಲ್ಲ. ನಗದು ಬೇಕೇ ಬೇಕೆಂದರೆ ಯಾವುದಾದರೂ ಬ್ಯಾಂಕಿನದೇ ಎಟಿಎಂ ಹುಡುಕಿ. “ನಿಮ್ಮ ಕರೆನ್ಸಿಗೆ ಪರಿವರ್ತಿಸಿ ಕಡಿತ ಮಾಡಲೇ?” ಅಂತ ಪರದೆ ಕೇಳಿದಾಗ ಬೇಡ ಅನ್ನಿ, ಕೊರುನಾದಲ್ಲೇ ಕಡಿತವಾಗಲಿ. ಹೂಂ ಅಂದರೆ ಅಲ್ಲೂ ಅದೇ ಕಳಪೆ ದರ. ಟ್ರ್ಯಾಮ್‌ಗೂ ಚಿಲ್ಲರೆ ಬೇಡ, ಒಳಗಿನ ಯಂತ್ರಕ್ಕೆ ಕಾರ್ಡ್ ಮುಟ್ಟಿಸಿದರೆ ಟಿಕೆಟ್ ಬರುತ್ತದೆ. ಕಾಗದದ ಟಿಕೆಟ್ ಮೊದಲೇ ಕೊಂಡಿದ್ದರೆ ಹಳದಿ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ಅದು ಟಿಕೆಟ್ಟೇ ಅಲ್ಲ.

ಇಷ್ಟಾಗಿಯೂ ಕೌಂಟರಿನ ಮುಂದೆ ನಿಲ್ಲಬೇಕಾಗಿ ಬಂದರೆ, ನೋಟು ಒಳಗೆ ಕೊಡುವ ಮೊದಲೇ “200 ಯೂರೋಗೆ ನನ್ನ ಕೈಗೆ ಎಷ್ಟು ಕೊರುನಾ ಬರುತ್ತದೆ?” ಅಂತ ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ, ಮೊಬೈಲಿನಲ್ಲಿ ಅಲ್ಲೇ ಗುಣಿಸಿ. ಹಿಂದಿನ ಸಾಲು ಕಾಯಲಿ. ಬದಲಾಯಿಸಿ ಹೊರಗೆ ಬಂದ ಕೂಡಲೇ, ಗಡಿಯಾರದ ಚೌಕಕ್ಕೆ ಹೋಗುವ ಮುಂಚೆ, ರಸೀದಿ ಬಿಡಿಸಿ ಓದಿ.