ಹಸಿರು ಗುರುತನ್ನು ನಂಬಿ ಕೆಟ್ಟೆವು: ಕಾನ್ಫಿಗರೇಶನ್ ಬ್ಯಾಕಪ್ ಟೂಲ್ ಆರಿಸುವವರಿಗೆ ಒಂದು ಎಚ್ಚರಿಕೆ

ನಮ್ಮ ಇಡೀ ನೆಟ್‌ವರ್ಕನ್ನು ಜೋಡಿಸುವ ಕೋರ್ ಸ್ವಿಚ್ ಒಂದು ರಾತ್ರಿ ಕೆಟ್ಟು ನಿಂತಾಗ ನಾನು ಅಷ್ಟಾಗಿ ಗಾಬರಿಯಾಗಲಿಲ್ಲ. ಅದೇ ಮಾದರಿಯ ಇನ್ನೊಂದು ಸ್ವಿಚ್ ಕಪಾಟಿನಲ್ಲಿತ್ತು, ಹಿಂದಿನ ರಾತ್ರಿ ತೆಗೆದ ಕಾನ್ಫಿಗರೇಶನ್ (ಸ್ವಿಚ್ಚಿನ ಸೆಟ್ಟಿಂಗುಗಳ) ಬ್ಯಾಕಪ್ ಸರ್ವರಿನಲ್ಲಿತ್ತು, ಬ್ಯಾಕಪ್ ಟೂಲಿನ ಮುಖಪುಟದಲ್ಲಿ ಪ್ರತಿಯೊಂದು ಉಪಕರಣದ ಹೆಸರಿನ ಎದುರೂ ಹಸಿರು ಗುರುತಿತ್ತು. ಕಡತವನ್ನು ತೆರೆದೆ. ಅದರಲ್ಲಿದ್ದದ್ದು ಒಂದು ಪರದೆಯಷ್ಟು ಸಾಲುಗಳು ಮಾತ್ರ. ಮೊದಲ ಕೆಲವು ಇಂಟರ್‌ಫೇಸ್‌ಗಳ ವಿವರ ಮುಗಿಯುವ ಮೊದಲೇ, ಕೊನೆಯ ಸಾಲಿನಲ್ಲಿ ‘--ಮೋರ್--’ ಎಂದಿತ್ತು.

ಆದದ್ದಿಷ್ಟು. ಉತ್ತರ ಉದ್ದವಾದಾಗ ಸ್ವಿಚ್ ಅದನ್ನು ಒಂದೊಂದೇ ಪರದೆಯಾಗಿ ತೋರಿಸಿ, ಮುಂದುವರಿಯಲು ಕೀ ಒತ್ತುವುದನ್ನು ಕಾಯುತ್ತದೆ. ಇದನ್ನು ತಪ್ಪಿಸಲು ಟೂಲ್ ಲಾಗಿನ್ ಆದ ಕೂಡಲೇ ‘ಟರ್ಮಿನಲ್ ಲೆಂತ್ 0’ ಎಂಬ ಆದೇಶವನ್ನು ಕಳುಹಿಸುತ್ತದೆ. ಒಂದೂವರೆ ತಿಂಗಳ ಹಿಂದೆ ನಾವು ಭದ್ರತೆಯ ದೃಷ್ಟಿಯಿಂದ ಬ್ಯಾಕಪ್ ಖಾತೆಯ ಅನುಮತಿಗಳನ್ನು ಕಡಿತಗೊಳಿಸಿದ್ದೆವು. ಅನುಮತಿಸಿದ ಆದೇಶಗಳ ಪಟ್ಟಿಯಲ್ಲಿ ಈ ಆದೇಶ ಬಿಟ್ಟುಹೋಗಿತ್ತು. ಸ್ವಿಚ್ ಆದೇಶವನ್ನು ನಿರಾಕರಿಸಿತು, ಟೂಲ್ ಆ ನಿರಾಕರಣೆಯನ್ನು ಲೆಕ್ಕಿಸದೆ ಸಿಕ್ಕಿದಷ್ಟನ್ನು ಉಳಿಸಿಕೊಂಡಿತು, ಲಾಗಿನ್ ಯಶಸ್ವಿಯಾಗಿದ್ದರಿಂದ ಹಸಿರು ಗುರುತನ್ನೂ ಹಾಕಿತು. ಅದು ಕೊನೆಯ 30 ಪ್ರತಿಗಳನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದುದರಿಂದ ಪೂರ್ಣವಾಗಿದ್ದ ಹಳೆಯ ಪ್ರತಿಗಳೆಲ್ಲ ಅಳಿಸಿಹೋಗಿದ್ದವು. ಉಳಿದ ಮೂವತ್ತೂ ಅದೇ ಅರ್ಧಂಬರ್ಧ ಕಡತ.

ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪಿನಲ್ಲಿ ಹಳೆಯ ಪೂರ್ಣ ಪ್ರತಿಯೊಂದು ಸಿಕ್ಕಿತು. ಆದರೆ ಅದು ರಹಸ್ಯಗಳನ್ನು ತೆಗೆದುಹಾಕುವ ಸೆಟ್ಟಿಂಗಿನೊಂದಿಗೆ ಉಳಿಸಿದ ಪ್ರತಿಯಾಗಿತ್ತು. ಟಕಾಕ್ಸ್ (ಲಾಗಿನ್ ಪರಿಶೀಲಿಸುವ ಸರ್ವರಿನ) ಕೀ, ಎಸ್‌ಎನ್‌ಎಂಪಿ ಕಮ್ಯುನಿಟಿ (ಉಸ್ತುವಾರಿ ಟೂಲುಗಳು ಬಳಸುವ ಗುಪ್ತಪದ), ರೂಟಿಂಗ್ ನೆರೆಯವರ (ದಾರಿಯ ಮಾಹಿತಿ ಹಂಚಿಕೊಳ್ಳುವ ಪಕ್ಕದ ಉಪಕರಣಗಳ) ಪಾಸ್‌ವರ್ಡ್ ಇರಬೇಕಾದ ಕಡೆಯಲ್ಲೆಲ್ಲ ‘ರಿಮೂವ್ಡ್’ ಎಂದಿತ್ತು. ಅದನ್ನು ಹಾಗೂ ಹೀಗೂ ತುಂಬಿದ ಮೇಲೂ ಪೋರ್ಟುಗಳು ಏಳಲಿಲ್ಲ, ಏಕೆಂದರೆ ಅವು ಸೇರಬೇಕಾದ ವಿಲ್ಯಾನ್‌ಗಳೇ (ಒಂದೇ ಸ್ವಿಚ್ಚಿನೊಳಗೆ ವಿಂಗಡಿಸಿದ ಪ್ರತ್ಯೇಕ ನೆಟ್‌ವರ್ಕ್‌ಗಳು) ಇರಲಿಲ್ಲ. ವಿಟಿಪಿ (ಸ್ವಿಚ್‌ಗಳ ನಡುವೆ ವಿಲ್ಯಾನ್ ಪಟ್ಟಿಯನ್ನು ಹಂಚುವ ವ್ಯವಸ್ಥೆ) ಸರ್ವರ್ ಮೋಡಿನಲ್ಲಿರುವ ಸಿಸ್ಕೊ ಸ್ವಿಚ್ ಸಾಮಾನ್ಯ ವಿಲ್ಯಾನ್‌ಗಳನ್ನು ರನ್ನಿಂಗ್ ಕಾನ್ಫಿಗರೇಶನ್ನಿನಲ್ಲಿ (ಸದ್ಯ ಚಾಲ್ತಿಯಲ್ಲಿರುವ ಸೆಟ್ಟಿಂಗುಗಳಲ್ಲಿ) ತೋರಿಸದೆ ವಿಲ್ಯಾನ್ ಡಾಟ್ ಡ್ಯಾಟ್ ಎಂಬ ಬೇರೆ ಕಡತದಲ್ಲಿ ಇಡುತ್ತದೆ, ಆ ಕಡತವನ್ನು ನಮ್ಮ ಟೂಲ್ ಎಂದೂ ಮುಟ್ಟಿರಲಿಲ್ಲ. ಬೆಳಗಾಗುವವರೆಗೆ ಪಕ್ಕದ ಸ್ವಿಚ್‌ಗಳನ್ನು ನೋಡಿಕೊಂಡು ಒಂದೊಂದೇ ವಿಲ್ಯಾನನ್ನು ಕೈಯಾರೆ ಬರೆದೆವು.

ಟೂಲ್ ಆರಿಸುವಾಗ ನಾವು ನೋಡಿದ್ದು ಎಷ್ಟು ಕಂಪನಿಗಳ ಉಪಕರಣಗಳಿಗೆ ಬೆಂಬಲವಿದೆ, ಮುಖಪುಟ ಎಷ್ಟು ಅಚ್ಚುಕಟ್ಟಾಗಿದೆ ಎಂಬುದನ್ನು. ಕೇಳಬೇಕಿದ್ದದ್ದು ‘ಯಶಸ್ವಿ’ ಎಂದು ಹೇಳುವ ಮೊದಲು ಅದು ಏನನ್ನು ಪರೀಕ್ಷಿಸುತ್ತದೆ ಎಂಬ ಒಂದೇ ಪ್ರಶ್ನೆ. ಸಿಸ್ಕೊ ಉಪಕರಣಗಳ ಐಒಎಸ್ ತಂತ್ರಾಂಶದ ಕಾನ್ಫಿಗರೇಶನ್ ‘ಎಂಡ್’ ಎಂಬ ಸಾಲಿನಿಂದ ಮುಗಿಯುತ್ತದೆ. ಆ ಸಾಲನ್ನು ಹುಡುಕದ ಟೂಲಿಗೆ ಕಡತ ಪೂರ್ಣವಾಗಿದೆಯೇ ಎಂದು ಹೇಳುವ ಅಧಿಕಾರವಿಲ್ಲ.

ಇತಿಹಾಸ ಉಳಿಸುವ ವಿಷಯದಲ್ಲಿ ನಾನೀಗ ರಾಜಿಯಾಗಲಾರೆ. ರ‍್ಯಾನ್ಸಿಡ್ ಮತ್ತು ಆಕ್ಸಿಡೈಜ್ಡ್ ಎಂಬ ಎರಡೂ ಬ್ಯಾಕಪ್ ಟೂಲುಗಳನ್ನು ಗಿಟ್ (ಕಡತಗಳ ಬದಲಾವಣೆಗಳ ಇತಿಹಾಸವನ್ನು ದಾಖಲಿಸುವ ತಂತ್ರಾಂಶ) ಜೊತೆ ಬಳಸಬಹುದು. ಹಾಗೆ ಬಳಸಿದರೆ ಕಡತ ಬದಲಾದಾಗ ಮಾತ್ರ ಹೊಸ ದಾಖಲೆ ಸೇರುತ್ತದೆ, ಹಳೆಯದು ಉಳಿಯುತ್ತದೆ, ಸಾವಿರಾರು ಸಾಲುಗಳು ಒಮ್ಮೆಲೇ ಮಾಯವಾದರೆ ವ್ಯತ್ಯಾಸದಲ್ಲಿ ಎದ್ದು ಕಾಣುತ್ತದೆ. ಆದರೆ ಇವೆರಡರಲ್ಲೂ ರಹಸ್ಯಗಳನ್ನು ಮರೆಮಾಚುವ ಸೆಟ್ಟಿಂಗ್ ಇದೆ. ಅದನ್ನು ಬಳಸುವುದಾದರೆ ಆ ರಹಸ್ಯಗಳು ಬೇರೆ ಯಾವ ಭದ್ರ ಜಾಗದಲ್ಲಿವೆ ಎಂಬುದು ಮೊದಲೇ ಗೊತ್ತಿರಬೇಕು. ಬಳಸದಿದ್ದರೆ ಆ ಗಿಟ್ ಭಂಡಾರವೇ ಇಡೀ ನೆಟ್‌ವರ್ಕಿನ ಬೀಗದ ಕೈಗೊಂಚಲಾಗುತ್ತದೆ, ಅದಕ್ಕೆ ತಕ್ಕ ಕಾವಲು ಬೇಕು. ಮೈಕ್ರೋಟಿಕ್ ಕಂಪನಿಯ ರೂಟರುಗಳ ತಂತ್ರಾಂಶವಾದ ರೂಟರ್‌ಒಎಸ್ 7ರಲ್ಲಿ ಕಾನ್ಫಿಗರೇಶನ್ನನ್ನು ಪಠ್ಯವಾಗಿ ಹೊರತೆಗೆಯುವ ಎಕ್ಸ್‌ಪೋರ್ಟ್ ಆದೇಶ ತಾನಾಗಿಯೇ ರಹಸ್ಯಗಳನ್ನು ಬಿಟ್ಟುಬಿಡುತ್ತದೆ. ಬಳಕೆದಾರರ ಪಾಸ್‌ವರ್ಡುಗಳಂತೂ ಅದರಲ್ಲಿ ಬರುವುದೇ ಇಲ್ಲ. ಟಿಎಫ್‌ಟಿಪಿ ಎಂಬ ಸರಳ ವಿಧಾನದ ಮೂಲಕ ಮಾತ್ರ ಕಡತ ಸಾಗಿಸುವ ಟೂಲನ್ನು ದಯವಿಟ್ಟು ಬೇಡವೆನ್ನಿ. ಅದರಲ್ಲಿ ಲಾಗಿನ್ನೂ ಇಲ್ಲ, ಗೂಢಲಿಪೀಕರಣವೂ ಇಲ್ಲ.

ಈಗ ನಾವು ಹೊಸ ಟೂಲನ್ನು ಒಪ್ಪುವ ಮೊದಲು ಮೂರು ಕೆಲಸ ಮಾಡುತ್ತೇವೆ. ಬ್ಯಾಕಪ್ ಖಾತೆಯ ಒಂದು ಅನುಮತಿಯನ್ನು ಬೇಕೆಂದೇ ಕಿತ್ತುಹಾಕಿ ಟೂಲ್ ಕೂಗುತ್ತದೆಯೇ ನೋಡುತ್ತೇವೆ. ಕಡತದ ಗಾತ್ರ ಹಿಂದಿನದಕ್ಕಿಂತ ತೀರಾ ಕುಗ್ಗಿದರೆ ಎಚ್ಚರಿಕೆಯ ಸಂದೇಶ ಬರುತ್ತದೆಯೇ ಎಂದು ಪರೀಕ್ಷಿಸುತ್ತೇವೆ. ಕೊನೆಗೆ, ಕಪಾಟಿನಲ್ಲಿರುವ ಸ್ವಿಚ್ಚಿನ ಎಲ್ಲವನ್ನೂ ಅಳಿಸಿ, ಬ್ಯಾಕಪ್ ಕಡತವೊಂದರಿಂದಲೇ ಅದನ್ನು ಎಬ್ಬಿಸಿ, ಲಾಗಿನ್ ಆಗಿ ವಿಲ್ಯಾನ್ ಪಟ್ಟಿಯನ್ನು ಮೂಲದೊಂದಿಗೆ ಹೋಲಿಸುತ್ತೇವೆ. ಮೊದಲ ಸಲ ಹೀಗೆ ಮಾಡಿದಾಗ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಕೀಗಳೂ ಕಡತದಲ್ಲಿ ಇರುವುದಿಲ್ಲವೆಂದು ಗೊತ್ತಾಯಿತು. ಅವನ್ನು ಹೊಸದಾಗಿ ಸೃಷ್ಟಿಸುವ ಆದೇಶವನ್ನು ಬರೆದು ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇವೆ.